ಓಯಿಸೊ, ಬೋಯಿಸೊ, ಸಾಯಿಸೊ

ಮೀನು ಕೊಳ್ಳುವ ವಿದ್ಯೆ ನನಗೆ ಗೊತ್ತು ಎಂಬ ಜಂಬವೊಂದು ನನ್ನಲ್ಲಿತ್ತು. ಮಲ್ಪೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟೂ ಇರದಿದ್ದರೆ ಹೇಗೆ? ಕಿವಿರು ಎತ್ತಿ ಕೆಂಪಗಿದೆಯೇ ನೋಡಬೇಕು, ಹೊಟ್ಟೆ ಒತ್ತಿ ಗಟ್ಟಿಯೋ ಮೆತ್ತಗೋ ನೋಡಬೇಕು, ಕಣ್ಣು ಹೊಳೆಯುತ್ತಿದೆಯೇ ನೋಡಬೇಕು, ಎಲ್ಲ ಸರಿಯಿದ್ದರೂ ಮೂಗು ಮುರಿದು ಅರ್ಧ ಬೆಲೆಗೆ ಕೇಳಬೇಕು. ಅಮ್ಮನ ಬಾಲ ಹಿಡಿದು ಈ ನಾಲ್ಕು ಪಾಠ ಕಲಿತವನು ಯಾವ ಬಂದರಿಗೆ ಹೋದರೂ ಬದುಕಿಕೊಂಡಾನು ಎಂದುಕೊಂಡಿದ್ದೆ. ದಕ್ಷಿಣ ಕೊರಿಯದ ಬುಸಾನ್ ನಗರದ ಜಗಲ್ಚಿ ಮಾರುಕಟ್ಟೆಯಲ್ಲಿ ನಾಲ್ಕರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಮೀನು ಈಜುತ್ತಿತ್ತು.

ಗಾಜಿನ ತೊಟ್ಟಿಯೊಳಗೆ ನಮ್ಮ ನಂಗಿನ ದೊಡ್ಡಣ್ಣನಂಥ ಚಪ್ಪಟೆ ಮೀನು, ಗ್ವಾಂಗೊ ಅಂತ ಹೆಸರು, ಎರಡೂ ಕಣ್ಣನ್ನು ಒಂದೇ ಮಗ್ಗುಲಿಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ರೂಢಿಬಲ, 'ತಾಜಾ ಇದೆಯಾ?' ಎಂದು ಫೋನಿನಲ್ಲಿ ಕೊರಿಯನ್ ಮಾಡಿ ತೋರಿಸಿದೆ. ತೊಟ್ಟಿಯ ಹಿಂದೆ ನಿಂತಿದ್ದ ಹೆಂಗಸು ಒಮ್ಮೆ ಮೀನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇಬ್ಬರಲ್ಲಿ ಬುದ್ಧಿ ಯಾರಿಗೆ ಹೆಚ್ಚು ಎಂದು ತೂಗುವ ನೋಟ ಅದು. ತಕ್ಕಡಿ ಮೀನಿನ ಕಡೆಗೆ ವಾಲಿತು.

ಇವರು ಯಾರೋ ಒಬ್ಬರಲ್ಲ, ಒಂದು ಕುಲ. ಬುಸಾನಿಗೆ ಹೋಗಿ ಸಮುದ್ರ ನೋಡದೆ ಬಂದವರು ಇದ್ದಾರು, ಇವರ ಕಣ್ಣಿಗೆ ಬೀಳದೆ ಬಂದವರು ಇರಲಾರರು. ಕೊರಿಯದಲ್ಲಿ ಇವರಿಗೆ ಆಜುಮ್ಮಾ ಎನ್ನುತ್ತಾರೆ; ಬುಸಾನಿನ ಆಡುಮಾತಿನಲ್ಲಿ ಆಜಿಮೆ. ಅಜ್ಜಿಯಾಗಲು ಒಪ್ಪದ, ಹುಡುಗಿಯಾಗಿ ಉಳಿಯಲು ಪುರುಸೊತ್ತಿಲ್ಲದ ವಯಸ್ಸು. ಸಮವಸ್ತ್ರ ತೊಡಿ ಎಂದು ಯಾರೂ ಹೇಳಿಲ್ಲ, ಆದರೂ ಎಲ್ಲರದೂ ಒಂದೇ ವೇಷ. ಪರ್ಮ್ ಮಾಡಿಸಿದ ಗಿಡ್ಡ ಗುಂಗುರು ಕೂದಲು, ಅದು ಮೆಣಸಿನಕಾಳಿನಷ್ಟು ಬಿಗಿಯಾಗಿ ಸುತ್ತಿಕೊಂಡಿರಬೇಕು. ನೆತ್ತಿಯೇ ಇಲ್ಲದ, ಬರೀ ಅಂಚಿರುವ ಬಿಸಿಲುಟೊಪ್ಪಿ. ಮೊಂಪೆ ಎಂಬ ಹೂವಿನ ಚಿತ್ತಾರದ ಸಡಿಲ ಪ್ಯಾಂಟು. ಕೈಗೆ ಮೊಣಕೈವರೆಗೆ ಕೆಂಪು ರಬ್ಬರ್ ಗವಸು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಸೊಂಟಕ್ಕೆ ದುಡ್ಡಿನ ಚೀಲ. ಗವಸು ಒಮ್ಮೊಮ್ಮೆ ಕಳಚುತ್ತದೆ, ಬೂಟು ರಾತ್ರಿ ಕಳಚುತ್ತದೆ. ಚೀಲ ಕಳಚಿದ್ದನ್ನು ಕಂಡವರಿಲ್ಲ.

ಜಗಲ್ಚಿ ಎಂಬ ಹೆಸರು ಓದಿದಾಗ ನನಗೆ ಕೇಳಿಸಿದ್ದು ಜಗಳ. ನಿಜವಾಗಿ 'ಜಗಲ್' ಎಂದರೆ ದಡದ ಉರುಟುಕಲ್ಲು. ಒಂದು ಕಾಲಕ್ಕೆ ಕಲ್ಲಿನ ದಡವಾಗಿದ್ದ ಜಾಗದಲ್ಲಿ ಈಗ ಕೊರಿಯದ ಅತಿ ದೊಡ್ಡ ಮೀನು ಮಾರುಕಟ್ಟೆ. ಆ ಮಾರುಕಟ್ಟೆಯ ಘೋಷವಾಕ್ಯ 'ಓಯಿಸೊ, ಬೋಯಿಸೊ, ಸಾಯಿಸೊ'. ಬನ್ನಿ, ನೋಡಿ, ಕೊಳ್ಳಿ ಎಂದು ಅರ್ಥ, ಅಪ್ಪಟ ಬುಸಾನ್ ಕೊರಿಯನ್. ಆದರೆ ಕನ್ನಡ ಕಿವಿಯ ಪಾಡು ಊಹಿಸಿ. ಎದುರಿಗೆ ಜೀವಂತ ಮೀನು, ಅವರ ಕೈಯಲ್ಲಿ ಗೇಣುದ್ದದ ಚೂರಿ, ಬಾಯಲ್ಲಿ 'ಸಾಯಿಸೊ'! ನಾನು ಬೆಚ್ಚಿ ತಲೆ ಅಲ್ಲಾಡಿಸಿದೆ. ಅಲ್ಲಾಡಿದ್ದು ಬೇಕೆಂದೋ ಬೇಡವೆಂದೋ ನನಗೇ ಸ್ಪಷ್ಟವಿರಲಿಲ್ಲ, ಅವರಿಗೆ ಸ್ಪಷ್ಟವಾಯಿತು. ಬಲೆಯ ಚೀಲ ಒಳಗೆ ಹೋಯಿತು, ಮೀನು ಹೊರಗೆ ಬಂತು, ತಲೆಗೊಂದು ಏಟು ಬಿತ್ತು. ವ್ಯಾಪಾರ ಮುಗಿದಿತ್ತು, ಚೌಕಾಶಿ ಶುರುವಾಗಬೇಕಿತ್ತು.

ಅವರು ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತೋರಿಸಿದರು. ನಾನು ಅದರ ಅರ್ಧ ಒತ್ತಿ ತೋರಿಸಿದೆ. ಅವರು ಅಳಿಸಿ ಮೊದಲಿನ ಬೆಲೆಯನ್ನೇ ಮತ್ತೆ ಒತ್ತಿದರು, ಈ ಸಲ ಸ್ವಲ್ಪ ಜೋರಾಗಿ. ಆಮೇಲೆ ನಾನು ಯಾವ ಊರಿನವನೆಂದು ವಿಚಾರಿಸಿದರು. 'ಇಂಡೋ' ಎಂದೆ, ಇಂಡಿಯಾಕ್ಕೆ ಅಲ್ಲಿ ಹಾಗನ್ನುತ್ತಾರೆ. ತಕ್ಷಣ ಮುಖ ಅರಳಿತು. ವಿಷಯ ಇಷ್ಟು: ಬುಸಾನಿನ ಪಕ್ಕದ್ದೇ ಗಿಮ್ಹೆ ಪಟ್ಟಣ, ವಿಮಾನ ನಿಲ್ದಾಣಕ್ಕೂ ಅದೇ ಹೆಸರು. ಭಾರತದ 'ಅಯುತ' ಎಂಬಲ್ಲಿಂದ ಹಿಯೊ ಹ್ವಾಂಗ್-ಒಕ್ ಎಂಬ ರಾಜಕುಮಾರಿ ಕ್ರಿ.ಶ. 48ರಲ್ಲಿ ಹಡಗೇರಿ ಬಂದು ಅಲ್ಲಿನ ಸುರೊ ರಾಜನನ್ನು ಮದುವೆಯಾದಳೆಂದು 'ಸಮ್‌ಗುಕ್ ಯುಸಾ' ಎಂಬ ಹಳೆಯ ಗ್ರಂಥದಲ್ಲಿ ಕಥೆಯಿದೆ. ಗಿಮ್ಹೆಯ ಕಿಮ್ ವಂಶದವರೆಲ್ಲ ಆ ದಂಪತಿಯ ಸಂತಾನ ಎಂಬುದು ನಂಬಿಕೆ. ಕೊರಿಯದಲ್ಲಿ ಅತಿ ದೊಡ್ಡ ವಂಶವೂ ಅದೇ. ಮೀನು ಕೊಯ್ಯುತ್ತಿದ್ದ ಇವರೂ ಅದಕ್ಕೇ ಸೇರಿದವರು. ಚರಿತ್ರೆಕಾರರು ಇದನ್ನು ಐತಿಹ್ಯ ಎಂದು ಬದಿಗಿಡಬಹುದು, ಜಗಲ್ಚಿಯಲ್ಲಿ ಬದಿಗಿಡುವುದಿಲ್ಲ. ಹೀಗೆ ಎರಡು ಸಾವಿರ ವರ್ಷಗಳ ಬಳಿಕ ತವರಿನ ಕಡೆಯ ಹುಡುಗನೊಬ್ಬ ಬಂದಂತಾಯಿತು. ಬೆಲೆ ಇಳಿಯಿತೇ ಎಂದು ನೀವು ಕೇಳುವಿರಿ. ತವರಿನವರಿಗೆ ಎಲ್ಲಾದರೂ ರಿಯಾಯಿತಿ ಉಂಟೇ?

ಇಳಿಯಲಿಲ್ಲ, ಆದರೆ 'ಸರ್ವಿಸ್' ಬಂತು. ಕೊರಿಯದಲ್ಲಿ ಸರ್ವಿಸ್ ಎಂದರೆ ದುಡ್ಡಿಲ್ಲದೆ ಕೊಡುವ ಹೆಚ್ಚಿನ ಪಾಲು, ನಮ್ಮ ಕೊಸರು. ವ್ಯತ್ಯಾಸವೆಂದರೆ ನಮ್ಮಲ್ಲಿ ಕೊಸರಾಡಿ ಕೊಸರು ಪಡೆಯಬೇಕು; ಅಲ್ಲಿ ಕೊಸರಿಕೊಂಡರೂ ಬಿಡುವುದಿಲ್ಲ. ನನ್ನ ಪಾಲಿಗೆ ಬಂದದ್ದು ಎರಡು. ಒಂದು ಮೊಂಗೆ, ಕಿತ್ತಳೆ ಬಣ್ಣದ, ಮೈಯೆಲ್ಲ ಗುಬುಟಿರುವ ಕಡಲಜೀವಿ. ಸಮುದ್ರವನ್ನೇ ಬೇಯಿಸದೆ ಅಗಿದಂಥ ರುಚಿ. ಇನ್ನೊಂದು ಗೇಬುಲ್. ಅದು ಹುಳು. ದೊಡ್ಡದು. ಹೆಚ್ಚು ವರ್ಣಿಸಿದರೆ ಓದುಗರು ಕಾಫಿ ಲೋಟ ಕೆಳಗಿಟ್ಟಾರು.

ಕೆಳಗಡೆ ಕೊಂಡದ್ದನ್ನು ಮೇಲಿನ ಮಹಡಿಗೆ ಒಯ್ದು ತಿನ್ನುವುದು ಅಲ್ಲಿನ ಪದ್ಧತಿ. ಮೇಲೆ ತಲೆಗಿಷ್ಟೆಂದು ಕೊಟ್ಟರೆ ಮೇಜು, ಸೊಪ್ಪು, ಬೆಳ್ಳುಳ್ಳಿ, ಚೋಜಾಂಗ್ ಎಂಬ ಹುಳಿಖಾರದ ಗೊಜ್ಜು ಎಲ್ಲ ಸಿಗುತ್ತದೆ. ಅಲ್ಲಿ ಇನ್ನೊಬ್ಬ ಆಜುಮ್ಮಾ. ನಾನು ಕೊರಿಯನ್ ಧಾರಾವಾಹಿ ನೋಡಿ ಪಳಗಿದವನಂತೆ 'ಆಜುಮ್ಮಾ!' ಎಂದು ಕೂಗಿದೆ. ಮಹಡಿಯೇ ತಣ್ಣಗಾಯಿತು. ಪಕ್ಕದ ಮೇಜಿನ ಹುಡುಗ ನನ್ನ ಕಡೆ ಬಾಗಿ, 'ಇಮೋ ಅನ್ನಿ, ಇಮೋ' ಎಂದು ಪಿಸುಗುಟ್ಟಿದ. ಇಮೋ ಎಂದರೆ ಅಮ್ಮನ ತಂಗಿಯೋ ಅಕ್ಕನೋ, ಒಟ್ಟಿನಲ್ಲಿ ಚಿಕ್ಕಮ್ಮ, ದೊಡ್ಡಮ್ಮ. ಬೆಂಗಳೂರಿನಲ್ಲಿ ನಲವತ್ತರ ಹೆಂಗಸಿಗೆ 'ಆಂಟೀ' ಅಂದು ನೋಡಿ, ಆಗ ನನ್ನ ಪರಿಸ್ಥಿತಿ ತಿಳಿದೀತು. ನಾನು 'ಇಮೋ' ಎಂದೆ. ಗೊಜ್ಜು ಬಂತು.

ಗೊಜ್ಜಿನ ಹಿಂದೆಯೇ ಕತ್ತರಿ ಬಂತು. ಕೊರಿಯದ ಚಿಕ್ಕಮ್ಮನ ಆಯುಧ ಅದು. ಸೀರೆ ಅಂಗಡಿಯವರು ಬಟ್ಟೆ ಕತ್ತರಿಸುವಷ್ಟು ಲೀಲಾಜಾಲವಾಗಿ ಅವರು ಮಾಂಸ, ಕಿಮ್ಚಿ, ನೂಡಲ್ಸ್, ಆಕ್ಟೋಪಸ್ ಎಲ್ಲವನ್ನೂ ಕತ್ತರಿಸುತ್ತಾರೆ. ಆಕ್ಟೋಪಸ್ಸಿನ ತುಂಡುಗಳಿಗೆ ತಾವು ತುಂಡಾದ ಸುದ್ದಿ ತಲುಪಿರಲಿಲ್ಲ, ತಟ್ಟೆಯಲ್ಲಿ ಹರಿದಾಡುತ್ತಿದ್ದವು. ಚೆನ್ನಾಗಿ ಅಗಿಯದೆ ನುಂಗಬೇಡ, ಗಂಟಲಲ್ಲಿ ಹಿಡಿದುಕೊಳ್ಳುತ್ತದೆ ಎಂದು ಇಮೋ ತಮ್ಮ ಗಂಟಲು ತಾವೇ ಹಿಸುಕಿ ತೋರಿಸಿದರು. ನಾನು ಅಗಿಯುವುದನ್ನು ನಿಂತು ನೋಡಿದರು. ಎಷ್ಟು ಸಲ ಅಗಿದೆನೆಂದು ಎಣಿಸಿದರೋ ಏನೋ. ಆಮೇಲೆ 'ಮಾಯಿ ಮುರಾ' ಎಂದು ಹೋದರು. ಚೆನ್ನಾಗಿ ತಿನ್ನು ಎಂದರ್ಥ. ಅವರು ಹೇಳಿದ್ದು ಗದರಿದ ಹಾಗೇ ಇತ್ತು. ಬುಸಾನಿನ ಮಾತೇ ಹಾಗೆ. ಇಬ್ಬರು ಕುಶಲ ವಿಚಾರಿಸುತ್ತಿದ್ದರೆ ಪೊಲೀಸರನ್ನು ಕರೆಯೋಣ ಅನ್ನಿಸುತ್ತದೆ.

ನನ್ನ ಜೊತೆಗೆ ಬಂದಿದ್ದ ಮೈಸೂರಿನ ಸಹೋದ್ಯೋಗಿಯ ಕಥೆ ಬೇರೆ. ಅವರು ಶುದ್ಧ ಸಸ್ಯಾಹಾರಿ. 'ಗೋಗಿ ಇಲ್ಲ' ಎಂಬ ಮಾತನ್ನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಗೋಗಿ ಎಂದರೆ ಮಾಂಸ. ಇಮೋ ಪೂರ್ತಿ ಒಪ್ಪಿದರು, ಮಾಂಸ ಬೇಡವೆಂದರೆ ಮೀನಿದೆಯಲ್ಲ! ಮೀನೂ ಬೇಡ ಎಂದರು. ಹಾಗಿದ್ದರೆ ಓಮುಕ್. ಅದು ಮೀನನ್ನೇ ಅರೆದು ಕಡ್ಡಿಗೆ ಚುಚ್ಚಿ ಸಾರಿನಲ್ಲಿ ಕುದಿಸುವ ತಿಂಡಿ, ಬುಸಾನಿನ ಹೆಮ್ಮೆ. ಅದರಲ್ಲಿ ಮೀನು ಕಾಣುವುದಿಲ್ಲವಲ್ಲ ಎಂಬುದು ಅವರ ವಾದ. ಕಿಮ್ಚಿಯಲ್ಲಿ ಉಪ್ಪು ಹಾಕಿದ ಸೀಗಡಿ, ಸಾರಿನಲ್ಲಿ ಒಣಮೀನು. ಕೊನೆಗೆ ಅನ್ನ, ಎಳ್ಳೆಣ್ಣೆ, ಹುರಿದ ಕಡಲಪಾಚಿ, ಸೊಪ್ಪು ಎಲ್ಲ ಸೇರಿಸಿ ಇಮೋ ತಾವೇ ಕಲಸಿ ಕೊಟ್ಟರು. ಇಷ್ಟು ಒಣಗಿದವನು ಇಷ್ಟೇ ತಿಂದರೆ ಹೆಂಡತಿ ಏನಂದಾಳು ಎಂದು ವಿಚಾರಿಸಿ, ಇನ್ನೊಂದು ಬಟ್ಟಲು ಅನ್ನ ಸುರಿದರು. ಆ ಮಹಾಶಯರಿಗೆ ನಿಜವಾದ ಊಟ ಸಿಕ್ಕಿದ್ದು ಬೊಮೊಸಾ ದೇವಾಲಯದಲ್ಲಿ. ಕ್ರಿ.ಶ. 678ರ ಬೌದ್ಧ ಕ್ಷೇತ್ರ ಅದು, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲದ ಅಡುಗೆ. ಉಡುಪಿ ಮಠದ ಪಂಕ್ತಿಯಲ್ಲಿ ಕೂತಂತಾಯಿತು ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಈ ಹೆಂಗಸರಿಗೆ ಈ ಗತ್ತು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಅಲ್ಲಿನ ನೋಟು ನೋಡಬೇಕು. ಐದು ಸಾವಿರ ವಾನ್ ನೋಟಿನ ಮೇಲೆ ಯಿ ಇ ಎಂಬ ಮಹಾ ವಿದ್ವಾಂಸ. ಐವತ್ತು ಸಾವಿರದ ನೋಟಿನ ಮೇಲೆ ಶಿನ್ ಸೈಮ್‌ದಾಂಗ್, ಆತನ ತಾಯಿ. 2009ರಲ್ಲಿ ಆ ನೋಟು ಬಂದಾಗ ಮಗನ ಹತ್ತು ಪಾಲು ಬೆಲೆ ತಾಯಿಗೆ ಎಂದು ಸರಕಾರವೇ ಅಚ್ಚು ಹಾಕಿ ಕೊಟ್ಟಂತಾಯಿತು. ಇಮೋಗಳ ಸೊಂಟದ ಚೀಲದಲ್ಲಿ ಮಗನ ನೋಟು ಚಿಲ್ಲರೆಗೆ, ತಾಯಿಯ ನೋಟು ಒಳಜೇಬಿಗೆ.

ಇನ್ನೂ ಹಿಂದೆ ಹೋದರೆ ನಗು ಸ್ವಲ್ಪ ಕಡಿಮೆಯಾಗುತ್ತದೆ. 1950ರ ಜೂನಿನಲ್ಲಿ ಕೊರಿಯ ಯುದ್ಧ ಶುರುವಾದಾಗ ದೇಶದ ಬಹುಪಾಲು ಕೈತಪ್ಪಿ, ಕೊನೆಗೆ ಉಳಿದ ಮೂಲೆ ಬುಸಾನ್. ತಾತ್ಕಾಲಿಕ ರಾಜಧಾನಿಯೂ ಅದೇ, ನಿರಾಶ್ರಿತರ ಕಡೆಯ ನಿಲ್ದಾಣವೂ ಅದೇ. ಜನಜಂಗುಳಿಯಲ್ಲಿ ಒಬ್ಬರಿಗೊಬ್ಬರು ತಪ್ಪಿಹೋದರೆ ಯೊಂಗ್ಡೊ ಸೇತುವೆಯ ಬಳಿ ಸಿಗೋಣ ಎಂದು ಮಾತಾಡಿಕೊಂಡು ಓಡಿಬಂದವರು ಅವರು. 1934ರ ಸೇತುವೆ, ಹಡಗಿಗೆ ದಾರಿ ಬಿಡಲು ಒಂದು ತುದಿ ಎದ್ದು ನಿಲ್ಲುತ್ತಿತ್ತು. ಕಾದವರು ಕಾದರು, ಅಡಿಯಲ್ಲಿ ಜ್ಯೋತಿಷ್ಯ ಹೇಳುವವರಿಗೆ ಒಳ್ಳೆಯ ವ್ಯಾಪಾರವಾಯಿತು. ಗಂಡ ಬಾರದ ಎಷ್ಟೋ ಹೆಂಗಸರು ಪಕ್ಕದ ಕಲ್ಲಿನ ದಡದಲ್ಲಿ ಮೀನಿನ ಬುಟ್ಟಿ ಇಟ್ಟು ಕೂತರು. ನಯವಾಗಿ ಮಾತಾಡಿದರೆ ಮೀನು ಹೋಗುತ್ತಿರಲಿಲ್ಲ. ಉತ್ತರದಿಂದ ಬಂದವರಿಗೆ ಊರಿನ ತಣ್ಣನೆಯ ನೂಡಲ್ಸ್ ನೆನಪಾಯಿತು, ಅದಕ್ಕೆ ಬೇಕಾದ ಹಿಟ್ಟು ಸಿಗಲಿಲ್ಲ. ಅಮೆರಿಕದ ನೆರವಿನ ಗೋಧಿ ಹಿಟ್ಟಿನಲ್ಲೇ ಮಾಡಿಕೊಂಡರು. ಅದೇ ಇಂದಿನ ಮಿಲ್‌ಮ್ಯೊನ್, ಬುಸಾನಿನ ಹೆಸರಾಂತ ಊಟ. ಮಂಜುಗಡ್ಡೆ ತೇಲುವ ಸಾರಿನಲ್ಲಿ ತಂದಿಟ್ಟು, ಕೇಳದೆಯೇ ಕತ್ತರಿಯಿಂದ ಎರಡು ಸಲ ಕಚಕ್ ಎನ್ನಿಸಿ ಹೋಗುತ್ತಾರೆ.

ಎರಡನೆಯ ಭೇಟಿಯಲ್ಲಿ ಕೆಳಮಹಡಿಯ ಇಮೋಗೆ ನನ್ನ ಪ್ರವಾಸದ ಪಟ್ಟಿ ತೋರಿಸಿದ್ದು ನನ್ನ ತಪ್ಪು. ಹೆಉಂಡೆ ಕಡಲತೀರ: ಒಂದೂವರೆ ಕಿಲೋಮೀಟರು ಮರಳು, ಹಿಂದೆ ಮುಗಿಲು ಮುಟ್ಟುವ ಕಟ್ಟಡ. 'ಮರಳು ನಿಮ್ಮೂರಲ್ಲಿಲ್ಲವಾ?' ಎಂದರು. ಉಂಟು ಎಂದೆ. ಪಟ್ಟಿಯಿಂದ ಹೋಯಿತು. ಗಮ್ಚೊನ್: ಗುಡ್ಡಕ್ಕೆ ಅಂಟಿಕೊಂಡ ಬಡವರ ಕೇರಿಗೆ 2009ರಿಂದ ಬಣ್ಣ ಬಳಿದು, ಚಿತ್ರ ಬರೆದು, ಪುಟ್ಟ ರಾಜಕುಮಾರನ ಪ್ರತಿಮೆ ಕೂರಿಸಿ ಪ್ರವಾಸಿ ತಾಣ ಮಾಡಿದ್ದಾರೆ; ಪ್ರತಿಮೆಯ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳಲು ತಿರುಪತಿಯ ಸಾಲು. 'ಆ ಗುಡ್ಡ ಇಳಿದು ಬರಲು ನಮಗೆ ಮೂವತ್ತು ವರ್ಷ ಹಿಡಿಯಿತು, ನೀನು ವಿಮಾನ ಹತ್ತಿ ಬಂದು ಅದನ್ನು ಹತ್ತುತ್ತೀಯಾ?' ಉತ್ತರ ನನ್ನಲ್ಲಿರಲಿಲ್ಲ. ಕದ್ದುಮುಚ್ಚಿ ಹೋಗಿಬಂದೆ. ಚೆನ್ನಾಗಿದೆ, ಮಂಡಿ ಗಟ್ಟಿಯಿದ್ದರೆ. ಹೆದೊಂಗ್ ಯೊಂಗುಂಗ್ಸಾಕ್ಕೆ ಮಾತ್ರ ಅವರ ಒಪ್ಪಿಗೆ ಸಿಕ್ಕಿತು, 1376ರಲ್ಲಿ ಸಮುದ್ರದ ಬಂಡೆಯ ಮೇಲೆಯೇ ಕಟ್ಟಿದ ದೇವಾಲಯ. ಅಲ್ಲಿನ 108 ಮೆಟ್ಟಿಲುಗಳಲ್ಲಿ ನಾನು ಏದುಸಿರು ಬಿಡುತ್ತ ನಿಂತಿದ್ದಾಗ ನನ್ನಮ್ಮನ ವಯಸ್ಸಿನ ಏಳೆಂಟು ಗುಂಗುರು ತಲೆಗಳು ಹರಟೆ ಹೊಡೆಯುತ್ತ ನನ್ನನ್ನು ದಾಟಿ ಹೋದವು. ಒಬ್ಬರು ತಿರುಗಿ ಬಂದು ಅರ್ಧ ಸುಲಿದ ಕಿತ್ತಳೆ ಕೈಗಿತ್ತರು. ಗುರುತಿಲ್ಲ, ಪರಿಚಯವಿಲ್ಲ. ಸೋತ ಗಂಡಸನ್ನು ಕಂಡರೆ ತಿನ್ನಿಸಬೇಕೆಂಬುದು ಅವರ ನಿಯಮವಿರಬೇಕು.

ಬುಸಾನಿನ ಸಾಜಿಕ್ ಕ್ರೀಡಾಂಗಣದಲ್ಲೂ ಇಂಥದೇ ಕಾನೂನೊಂದಿದೆ. ಬೇಸ್‌ಬಾಲ್ ನೋಡುವಾಗ ಹೊಡೆದ ಚೆಂಡು ಪ್ರೇಕ್ಷಕರ ನಡುವೆ ಬಿದ್ದು ಯಾರಾದರೂ ಗಂಡಸು ಹಿಡಿದನೋ, ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ 'ಆಜುರಾ!' ಎನ್ನುತ್ತದೆ. ಮಗುವಿಗೆ ಕೊಡು ಎಂದರ್ಥ. ಕೊಡದೆ ಬದುಕಿದವರಿಲ್ಲ. ಅವರ ಲೊಟ್ಟೆ ಜಾಯಂಟ್ಸ್ ತಂಡ ಕೊನೆಯದಾಗಿ ಕಪ್ ಗೆದ್ದದ್ದು 1992ರಲ್ಲಿ. ಹದಿನೆಂಟು ವರ್ಷ 'ಈ ಸಲ ಕಪ್ ನಮ್ದೇ' ಎಂದು ಕಾದ ನಮಗಿಂತ ಗಟ್ಟಿ ಎದೆಯವರು. ನನ್ನ ಪಕ್ಕದ ಇಮೋ ಆಟಗಾರರನ್ನು ಬೈದದ್ದನ್ನು ಫೋನು ಅನುವಾದ ಮಾಡಲು ಒಪ್ಪಲಿಲ್ಲ.

ಹೊರಡುವ ಹಿಂದಿನ ದಿನ ಜಗಲ್ಚಿಗೆ ಮತ್ತೆ ಹೋದೆ. ದೂರದಿಂದಲೇ ಗುರುತು ಹಿಡಿದ ಇಮೋ ಅಕ್ಕಪಕ್ಕದ ತೊಟ್ಟಿಯವರಿಗೆಲ್ಲ ಏನೋ ಕೂಗಿ ಹೇಳಿದರು. ಕೆಂಪು ಗವಸಿನ ಸಾಲೇ ಬಿದ್ದು ಬಿದ್ದು ನಕ್ಕಿತು. ಒಬ್ಬರು ಈಜುವ ಮೀನೊಂದನ್ನು ಎತ್ತಿ ನನ್ನ ಮೂಗಿಗೆ ಹಿಡಿದು 'ತಾಜಾ ಇದೆಯಾ ನೋಡು' ಎಂಬಂತೆ ಹುಬ್ಬು ಹಾರಿಸಿದರು. ಈ ಸಲ ನಾನು ಬಂಗುಡೆಯ ದಾಯಾದಿ ಗೊದುಂಗೊ ಕೇಳಿದೆ. ಅದು ಬುಸಾನಿನ ಅಧಿಕೃತ ನಗರಮೀನು, ಸತ್ತೇ ಬಂದಿತ್ತು. ಅಭ್ಯಾಸ ಬಿಡಲಿಲ್ಲ, ಕಿವಿರು ಎತ್ತಿ ನೋಡಿದೆ. ಇಮೋ ನಗು ನಿಲ್ಲಿಸಿ, ನಾನು ಎತ್ತಿದ್ದನ್ನು ಕಿತ್ತುಕೊಂಡು, ಅಡಿಯಿಂದ ಬೇರೆ ಎರಡು ತೆಗೆದು ಕೊಟ್ಟರು. ಅಮ್ಮನೂ ಅವೇ ಎರಡನ್ನು ಆರಿಸುತ್ತಿದ್ದಳು.

ನೀವು ಹೋಗುವುದಾದರೆ ಹಸಿದು ಹೋಗಿ, ಪಟ್ಟಿ ಮನೆಯಲ್ಲೇ ಬಿಟ್ಟು ಹೋಗಿ. 'ಆಜುಮ್ಮಾ' ಅನ್ನಬೇಡಿ, 'ಇಮೋ' ಅನ್ನಿ. ಕತ್ತರಿ ಇರುವುದು ಅವರ ಕೈಯಲ್ಲಿ.