ಗುತ್ತಿಗೆ ಶಿರೋಮಣಿಗಳಿಗೆ ಸನ್ಮಾನ

ಸಭಾಧ್ಯಕ್ಷರೇ, ಅವರು ಬಾರದಿದ್ದರೆ ಇರಲಿ ಎಂದು ಕರೆಸಿಕೊಂಡ ಇನ್ನೊಬ್ಬ ಅಧ್ಯಕ್ಷರೇ, ಕಟ್ಟಡದ ಮಾಲಕರೇ, ಕೆಳಗಿನ ಜೆರಾಕ್ಸಿನವರೇ, ಮೊದಲ ಮಾಳಿಗೆಯ ದಸ್ತಾವೇಜು ಬರಹಗಾರರೇ, ವಿಮೆಯವರೇ, ಎರಡನೇ ಮಾಳಿಗೆಯ ಕಂಪ್ಯೂಟರ್ ಕ್ಲಾಸಿನವರೇ, ಇವರೆಲ್ಲರ ತಲೆಯ ಮೇಲೆ ಏಣಿ ನಿಲ್ಲಿಸಿದ ಇಂದಿನ ಸನ್ಮಾನಿತರೇ, ಗುತ್ತಿಗೆ ಶಿರೋಮಣಿ, ಡ್ರಿಲ್ಲಿಂಗ್ ಕಲಾನಿಧಿ, ಸಿಮೆಂಟ್ ಧೂಳು ವಿತರಣಾ ಧುರೀಣರೇ!

ಸಿದ್ಧಕಟ್ಟೆಯಂಥ ಊರಿಗೆ, ಬಂಟ್ವಾಳ–ಮೂಡುಬಿದಿರೆ ಮಾರ್ಗದ ಬದಿಯ ನಮ್ಮ ಈ ಕಟ್ಟಡಕ್ಕೆ ತಾವು ದಯಮಾಡಿಸಿದ್ದೇ ನಮ್ಮ ಪುಣ್ಯ. ಪ್ಲಗ್ಗಿಲ್ಲದ ವಯರಿನ ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಡ್ರಿಲ್ ಓಡಿಸಿದವರು ತಾವು. ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸ್ಟೂಲ್, ಸ್ಟೂಲಿನ ಮೇಲೆ ಬರಿಗಾಲ ಹುಡುಗ. ಮೊಸರುಕುಡಿಕೆಯನ್ನೂ ನಾಚಿಸಿದವರು ತಾವು. ಹುಡುಗನಿಗೆ ಹೆಲ್ಮೆಟ್ ಎಲ್ಲಿ ಎಂದು ಕೇಳಿದರೆ "ಬೈಕಿನಲ್ಲುಂಟು" ಎಂದವರೂ ತಾವೇ.

ಕೀರ್ತಿಯಲ್ಲಿ ನಮ್ಮ ಬಾಡಿಗೆದಾರರಿಗೂ ಪಾಲುಂಟು. ಮೊನ್ನೆ ವಯರ್‌ಮ್ಯಾನ್ ಮೈನ್ ಆಫ್ ಮಾಡಿ ಬೋರ್ಡು ಬಿಚ್ಚಿದ್ದ. ಮೇಲಿನವರು "ಫ್ಯಾನ್ ನಿಂತಿತಲ್ಲ ಮಾರಾಯ್ರೆ" ಎಂದು ಇಳಿದುಬಂದು, ಆನ್ ಮಾಡಿ, ಹತ್ತಿ ಹೋದರು. ಆತ ಆಗಷ್ಟೇ ಸ್ಕ್ರೂಡ್ರೈವರ್ ಕೆಳಗಿಟ್ಟು ಬೀಡಿ ಹಚ್ಚಲು ಹೊರಗೆ ಹೋಗಿದ್ದ. ನ್ಯಾಯವಾಗಿ ಈ ಶಾಲು ಆ ಬೀಡಿಗೆ ಸಲ್ಲಬೇಕು.

ಒಂದು ಬೀಗ, ಸ್ವಾಮೀ! ಆಫ್ ಮಾಡಿದ ಮೈನಿಗೆ ಒಂದು ಬೀಗ, "ಕೆಲಸ ನಡೆಯುತ್ತಿದೆ" ಎಂಬ ಚೀಟಿ, ಕೀಲಿಕೈ ಬೋರ್ಡು ಬಿಚ್ಚಿದವನ ಕಿಸೆಯಲ್ಲಿ. ಇಷ್ಟಕ್ಕೆ ಯಾವ ಯೋಜನೆಯ ಅನುದಾನ ಬೇಕು? ಡ್ರಿಲ್ಲಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದರೆ, ಕರೆಂಟು ಮೈಯಲ್ಲಿ ಹರಿಯಲು ಹೊರಟಾಗ ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ. ಜುಲೈಯಲ್ಲಿ ನಮ್ಮ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ ಎಂಬುದನ್ನು ಈ ಊರಿನವರಿಗೆ ನಾನು ಹೇಳಬೇಕೇ?

ಕ್ಷಮಿಸಿ, ಸನ್ಮಾನಕ್ಕೆ ಬರುತ್ತೇನೆ. ಸನ್ಮಾನಿತರ ಜಾಣ್ಮೆ ನೋಡಿ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಅನ್ವಯವಾಗಲು 20 ಕೆಲಸದವರಿರಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಲೆಕ್ಕವನ್ನು 50ಕ್ಕೆ ಏರಿಸಿದೆ. ಇವರು ಕಳಿಸುವುದು ಇಬ್ಬರನ್ನು! ಬಿದ್ದರೆ ಕೇಳುವವರಿಲ್ಲ. ಗುತ್ತಿಗೆದಾರರು ಮಾಲಕರನ್ನು ತೋರಿಸುತ್ತಾರೆ, ಮಾಲಕರು ಬಾಡಿಗೆದಾರರನ್ನು, ಬಾಡಿಗೆದಾರರು ಕಾಮನ್ ಏರಿಯಾವನ್ನು. ಕಾಮನ್ ಏರಿಯಾ ಯಾರನ್ನೂ ತೋರಿಸುವುದಿಲ್ಲ, ಅದಕ್ಕೆ ಕೈಯಿಲ್ಲ.

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕೂಡ ಹತ್ತಾರು ಆಫೀಸುಗಳ ಕಟ್ಟಡವೇ. 2010ರ ಫೆಬ್ರವರಿ 23ರಂದು ವಯರುಗಳ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಮಾಳಿಗೆಗಳನ್ನು ತುಂಬಿತು. ಉಸಿರುಗಟ್ಟಿದವರು, ಕಿಟಕಿಯಿಂದ ಹಾರಿದವರು ಸೇರಿ 9 ಜನ ಸತ್ತರು. ನಮ್ಮಲ್ಲಿ ವೆಲ್ಡಿಂಗ್ ಕಿಡಿ ಬೀಳುವುದು ದಸ್ತಾವೇಜು ಬರಹಗಾರರ ಕಾಗದದ ಕಟ್ಟಿನ ಪಕ್ಕಕ್ಕೆ. ಬೆಂಕಿ ಆರಿಸುವ ಸಿಲಿಂಡರ್ ಅವರ ಬಾಗಿಲಿಗೆ ಆನಿಸಿಟ್ಟದ್ದು. ತಾರಸಿ ಬಾಗಿಲಿಗೆ ಬೀಗ. ಮೈನಿಗೆ ಹಾಕಬೇಕಾದ ಬೀಗ ಎಲ್ಲಿ ಹೋಯಿತೆಂದು ಈಗ ಗೊತ್ತಾಯಿತಲ್ಲ! ವೆಲ್ಡಿಂಗ್ ಮುಗಿದ ಮೇಲೆ ಅರ್ಧ ಗಂಟೆಯಾದರೂ ಒಬ್ಬ ಅಲ್ಲೇ ಕಾಯಬೇಕು. ನಮ್ಮ ಕಲಾನಿಧಿಗಳು ಅಷ್ಟು ಹೊತ್ತಿಗೆ ವೇಣೂರಿನಲ್ಲಿ ಇನ್ನೊಂದು ಗೇಟಿಗೆ ಕಿಡಿ ಹಾರಿಸುತ್ತಿರುತ್ತಾರೆ.

ಬಿನ್ನವತ್ತಳೆಯ ಬದಲು ಒಂದು ಹಾಳೆ ಕೊಡುತ್ತೇನೆ, ತುಂಬಿಸಿ: ಇವತ್ತು ಯಾರು, ಎಲ್ಲಿ, ಎಷ್ಟು ಹೊತ್ತು, ಏನು ಕೆಲಸ; ಗೋಡೆಯೊಳಗೆ ವಯರು ಎಲ್ಲಿದೆ ಎಂದು ಮಾಲಕರು ಬರೆಯಲಿ, ಥಿನ್ನರ್, ಗ್ಯಾಸ್ ಏನೇನು ತಂದಿದ್ದೀರಿ ಎಂದು ನೀವು ಬರೆಯಿರಿ. ಅಂಟಿಸುವುದು ಮೆಟ್ಟಿಲ ಬುಡದಲ್ಲಿ, ಎಲ್ಲ ಆಫೀಸಿನವರಿಗೂ ಕಾಣುವ ಹಾಗೆ. ರುಜು ಹಾಕುವ ಜವಾಬ್ದಾರಿ ಒಬ್ಬರದ್ದೇ, ಮಾಲಕರದ್ದು.

ಹಾರ, ಫಲತಾಂಬೂಲ ಆಮೇಲೆ. ಮೆಟ್ಟಿಲಿನಲ್ಲಿ ಅಡ್ಡವಿರುವ ಸಿಮೆಂಟ್ ಚೀಲಗಳು ಯಾರದ್ದೋ ಅವರು ಈಗಲೇ ಎದ್ದು ತೆಗೆಯಬೇಕಾಗಿ ವಿನಂತಿ.