ಪೂರ್ಣವಿರಾಮ ತೀರ್ಯಾವ್ರಿ

ಹುಬ್ಬಳ್ಳಿಯ ಮೊಳೆಯಚ್ಚಿನ ಪ್ರೆಸ್ಸೊಂದರಲ್ಲಿ ನಾನು ಕರಡು ತಿದ್ದುತ್ತಿದ್ದ ಕಾಲ. ಒಂದು ಮಧ್ಯಾಹ್ನ ಕಂಪೋಜಿಟರ್ ಕಾಕಾ ಕೈಯಲ್ಲಿದ್ದ ಸ್ಟಿಕ್ಕು ಕೆಳಗಿಟ್ಟು, "ಸರ, ಪೂರ್ಣವಿರಾಮ ತೀರ್ಯಾವ್ರಿ" ಎಂದರು. ಕೇಸಿನ ಆ ಮನೆಯೊಳಗೆ ಬೆರಳಾಡಿಸಿ ತೋರಿಸಿದರು. ಬರೀ ಧೂಳು. ಇದ್ದಬದ್ದ ಚುಕ್ಕೆಗಳೆಲ್ಲ ಒಂದು ಕಾದಂಬರಿಯ ಗ್ಯಾಲಿಯಲ್ಲಿ ಸಿಕ್ಕಿಕೊಂಡಿದ್ದವು. ಅದರ ಕರ್ತೃ ಒಂದು ಚುಕ್ಕೆ ಸಾಕಾಗುವಲ್ಲಿ ಮೂರು ಇಡುವ ಉದಾರಿ.

"ನೀವಽ ಏನರ ಮಾಡ್ರಿ" ಎಂದು ನಾನು ಗಿರಮಿಟ್ ತಿನ್ನಲು ಎದ್ದೆ. ಕಾಕಾ ಏನರ ಮಾಡಿದರು. ಮರುದಿನ ಶಿವಗಣಾರಾಧನೆಯ ಪತ್ರಿಕೆ ಅಚ್ಚಾಗಿ ಬಂತು: "ನಮ್ಮ ತೀರ್ಥರೂಪರು ಲಿಂಗೈಕ್ಯರಾದರು! ತಾವು ಸಕುಟುಂಬ ಬಂದು ಪ್ರಸಾದ ಸ್ವೀಕರಿಸಬೇಕು!"

ಮಗ ಬಂದ, ಓದಿದ. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. "ಬರೋಬರಿ ಹಾಕೀರಿ" ಎಂದ ಆತ. "ತೊಂಬತ್ತಾರು ವರ್ಷ ಗಟ್ಟಿಮುಟ್ಟ ಇದ್ದವ್ರು, ಹೋಗ್ತಾರಂತ ನಮಗೂ ಅನಿಸಿದ್ದಿಲ್ರಿ."

ಲೇಖನ ಚಿಹ್ನೆಗಳ ಮೇಲಿನ ನನ್ನ ಭಕ್ತಿ ಅಂದೇ ಅರ್ಧ ಇಳಿಯಿತು. ಕೇಶಿರಾಜ 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದಾಗ ಸಂಧಿ, ಸಮಾಸ, ಧಾತು ಯಾವುದನ್ನೂ ಬಿಡಲಿಲ್ಲ. ಅಲ್ಪವಿರಾಮದ ಗೊಡವೆಗೇ ಹೋಗಲಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಶಾಸನದ ಕಲ್ಲಿನ ಮುಂದೆ ನಿಂತು ನೋಡಿ, ಜಾತ್ರೆಯ ಬಸ್ಸಿನಂತೆ ಅಕ್ಷರಕ್ಕೆ ಅಕ್ಷರ ಒತ್ತಿಕೊಂಡಿರುತ್ತದೆ. ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಅವರ ಅಚ್ಚುಕೂಟವೂ ಆಯಿತು. ಇಂಗ್ಲಿಷಿನ ಚುಕ್ಕೆ, ಕೊಕ್ಕೆಗಳು ಇಂಥ ಅಚ್ಚಿನ ಬೆನ್ನುಹತ್ತಿ ಕನ್ನಡಕ್ಕೆ ಹೊಕ್ಕವು. ನಮಗೆ ನಿಜಕ್ಕೂ ಬೇಕಾದದ್ದು 'ನೀವಽ' ಎಂಬಲ್ಲಿನ ಅವಗ್ರಹ. ಅದಿಲ್ಲದಿದ್ದರೆ ಮಾತಿನಿಂದ ಧಾರವಾಡವೇ ಎದ್ದುಹೋಗುತ್ತದೆ. ಕೇಸಿನಲ್ಲಿ ಅದೂ ಇರುತ್ತಿರಲಿಲ್ಲ. ಕಾಕಾ ಇಂಗ್ಲಿಷಿನ ಎಸ್ ಹಾಕಿ ಕೆಲಸ ಸಾಗಿಸುತ್ತಿದ್ದರು.

ಉಳಿದ ಚಿಹ್ನೆಗಳು ನಮ್ಮ ನಾಲಿಗೆಯಲ್ಲೇ ಇವೆ. 'ರೀ' ಅಲ್ಪವಿರಾಮ. ಮಾತಿಗೆ ಮೊದಲು ಬರುವ 'ಇಲ್ಲಿ ನೋಡ್ರಿ' ವಿವರಣೆಯ ಎರಡು ಚುಕ್ಕೆ. ಕ್ರಿಯಾಪದ ಬಂತೆಂದರೆ ವಾಕ್ಯ ಮುಗಿಯಿತು. ಮೇಲೊಂದು ಚುಕ್ಕೆ ಇಡುವುದು ಬೀಗ ಹಾಕಿದ ಬಾಗಿಲಿಗೆ ಕಲ್ಲು ಒರಗಿಸಿದ ಹಾಗೆ. ತಕರಾರು ಇರುವುದು 'ಅಂತ' ಒಂದರ ಮೇಲೆ. ಉದ್ಧರಣ ಚಿಹ್ನೆಯನ್ನು ಮುಚ್ಚಲು ಅದು ಇದೆ, ತೆರೆಯಲು ಏನೂ ಇಲ್ಲ.

ಮೊನ್ನೆ ನಮ್ಮ ಅತ್ತಿ ಫೋನ್ ಮಾಡಿದಳು. ಎತ್ತಿದ್ದೇ ತಡ, "ರೊಕ್ಕ ಇಸಗೊಂಡು ನಾಕ ವರ್ಷಾತು, ಮಾರಿ ತೋರ್ಸಾಕ ನಾಚಿಕಿ ಬರಂಗಿಲ್ಲೇನು? ಇನ್ನ ನಿನ್ನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ!" ನನ್ನ ಬೆನ್ನು ಬೆವೆತಿತು. ಅವಳ ಐದು ಸಾವಿರ ನನ್ನ ಹತ್ತಿರ ಇದ್ದದ್ದು ಖರೆ. ಏನು ಹೇಳಲೆಂದು ತಡಕಾಡುವಷ್ಟರಲ್ಲಿ ಅತ್ತಿ ಉಸಿರು ಎಳೆದುಕೊಂಡಳು.

"ಅಂತ ಅಂದ್ಲು ನೋಡಪಾ ನಮ್ಮ ನೆಗೆಣ್ಣಿ, ತನ್ನ ತಮ್ಮಗ."

"ಹೌದಾ ಅತ್ತಿ!" ಎಂದು ನಾನು ಜೋರಾಗಿಯೇ ನಕ್ಕೆ.

"ಆಕಿ ಅಂದದ್ದು ಬರೋಬರಿನಽ ಐತಿ. ಇಸಗೊಂಡವ್ರಿಗೆ ತಿಳೀಬೇಕು" ಎಂದಳು ಅತ್ತಿ.

'ಅಂತ' ಬರುತ್ತದೆಂದು ಕಾದೆ. ಬರಲಿಲ್ಲ.