ಫಲಪೌಷ್ಟಿಕತಾ ಮೀಮಾಂಸೆ: ಬೆರ್ರಿ–ಅಬೆರ್ರಿ ದ್ವಂದ್ವದ ಒಂದು ಬಹುಶಿಸ್ತೀಯ ಮರು-ಓದು

1. ಪ್ರಸ್ತಾವನೆ ಮತ್ತು ಪ್ರಮೇಯ

ಹಣ್ಣು ತಿನ್ನುವ ವಸ್ತು ಎಂಬ ತಪ್ಪು ಗ್ರಹಿಕೆ ಜನಸಾಮಾನ್ಯರಲ್ಲಿ ಬಹುಕಾಲದಿಂದ ಬೇರೂರಿದೆ. ಪ್ರಸ್ತುತ ಪ್ರಬಂಧವು ಈ ಗ್ರಹಿಕೆಯನ್ನು ಸಮಸ್ಯಾತ್ಮಕಗೊಳಿಸಿ, ಹಣ್ಣನ್ನು ಒಂದು ಪೌಷ್ಟಿಕ-ಸಾಂಸ್ಕೃತಿಕ ಸಂಕಥನವಾಗಿ ಮುಖಾಮುಖಿಯಾಗುವ ನೆಲೆಯಲ್ಲಿ ಅನುಸಂಧಾನಗೈಯುತ್ತದೆ. ಈ ವಾಕ್ಯದ ಅರ್ಥ ಪ್ರಬಂಧಕಾರನಿಗೂ ಪೂರ್ತಿ ತಿಳಿದಿಲ್ಲ. ಆದರೆ ಇಂಥದೊಂದು ವಾಕ್ಯವಿಲ್ಲದೆ ವಿಚಾರ ಸಂಕಿರಣಗಳಲ್ಲಿ ಮಧ್ಯಾಹ್ನದ ಊಟದ ಕೂಪನ್ ಕೊಡುವುದಿಲ್ಲ.

ಈ ಕ್ಷೇತ್ರದ ಪೂರ್ವಸೂರಿಗಳು ಮುಖ್ಯವಾಗಿ ಮೂರು ಕಡೆ ಸಿಗುತ್ತಾರೆ: ಪತ್ರಿಕೆಗಳ ಆರೋಗ್ಯ ಪುರವಣಿಯಲ್ಲಿ, ಉದ್ಯಾನಗಳ ಮುಂಜಾನೆ ವಾಕಿಂಗ್ ಬಳಗದಲ್ಲಿ, ಮತ್ತು ಶಾಲು-ಪೇಟ ಸಿದ್ಧವಿರುವ ಯಾವುದೇ ವೇದಿಕೆಯಲ್ಲಿ. ಪೋಷಕಾಂಶವನ್ನು ಅಳೆಯಲು ಇವರ ಬಳಿ ಎರಡೇ ಮಾನಗಳಿವೆ: ‘ಹೇರಳ’ ಮತ್ತು ‘ಅತಿ ಹೇರಳ’. ಮಿಲಿಗ್ರಾಂ ಎಂಬ ಮೂರನೆಯ ಮಾನವನ್ನು ಬಳಸಿದವರನ್ನು ಮುಂದಿನ ಸಲ ಉಪನ್ಯಾಸಕ್ಕೆ ಕರೆಯುವುದಿಲ್ಲ.

ಪೂರ್ವಸೂರಿಗಳ ಚಿಂತನೆಯನ್ನು ಕ್ರೋಡೀಕರಿಸಿ ಪ್ರಬಂಧಕಾರನು ಕೆಳಗಿನ ಪ್ರಮೇಯವನ್ನು ಮಂಡಿಸುತ್ತಾನೆ: ಹಣ್ಣಿನ ಪೌಷ್ಟಿಕತೆಯು ಅದರ ಬೆಲೆಗೂ ಅದು ಪ್ರಯಾಣ ಮಾಡಿದ ದೂರಕ್ಕೂ ನೇರ ಅನುಪಾತದಲ್ಲಿರುತ್ತದೆ, ಅದರ ಹೆಸರು ನಮ್ಮ ಅಜ್ಜಿಗೆ ಗೊತ್ತಿರುವ ಸಾಧ್ಯತೆಗೆ ವಿಲೋಮ ಅನುಪಾತದಲ್ಲಿರುತ್ತದೆ. ಇದನ್ನು ಇನ್ನು ಮುಂದೆ ‘ನುಣುಪುಬೆಟ್ಟ ಪ್ರಮೇಯ’ ಎಂದು ಕರೆಯಲಾಗುವುದು.

2. ಪರಿಭಾಷಾ ಶುದ್ಧಿ

ಬೆರ್ರಿ ಎಂದರೇನು? ಸಸ್ಯಶಾಸ್ತ್ರದ ಪ್ರಕಾರ, ಒಂದು ಹೂವಿನ ಒಂದೇ ಅಂಡಾಶಯದಿಂದ ಬೆಳೆದ, ಗಟ್ಟಿ ಓಟೆಯಿಲ್ಲದ, ಮೈಯೆಲ್ಲ ತಿರುಳಾದ ಹಣ್ಣು ಬೆರ್ರಿ. ಈ ನಿಯಮ ಹಿಡಿದು ಹೊರಟರೆ ಬಾಳೆ, ಸೀಬೆ, ಟೊಮೆಟೊ, ಬದನೆ, ಮೆಣಸಿನಕಾಯಿ ಇವೆಲ್ಲ ಬೆರ್ರಿಗಳು. ಸ್ಟ್ರಾಬೆರ್ರಿ ಬೆರ್ರಿಯಲ್ಲ, ರಾಸ್‌ಬೆರ್ರಿಯೂ ಅಲ್ಲ. ತತ್ಪರಿಣಾಮವಾಗಿ, ಧಾರವಾಡದ ಖಾನಾವಳಿಯಲ್ಲಿ ಜೋಳದ ರೊಟ್ಟಿಯೊಡನೆ ಬಡಿಸುವ ಬದನೆಕಾಯಿ ಎಣ್ಣೆಗಾಯಿ ಶಾಸ್ತ್ರೋಕ್ತ ಬೆರ್ರಿ ಭಕ್ಷ್ಯವಾಗಿದ್ದು, ಜತೆಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡರೆ ಅದು ಮಿಶ್ರ ಬೆರ್ರಿ ಎನಿಸುತ್ತದೆ. ಬದನೆಯ ನೇರಳೆ ಸಿಪ್ಪೆಗೆ ಬಣ್ಣ ಕೊಟ್ಟಿರುವುದು ಆಂಥೊಸಯನಿನ್. ಬ್ಲೂಬೆರ್ರಿಯನ್ನು ನೀಲಿ ಮಾಡಿರುವುದೂ ಅದೇ ಬಳಗದ ವರ್ಣದ್ರವ್ಯ. ಖಾನಾವಳಿಯವರು ಈ ಸಂಗತಿಯನ್ನು ಇನ್ನೂ ಬೋರ್ಡಿನಲ್ಲಿ ಬರೆಸಿಲ್ಲ. ಊಟ ಕೈಗೆಟಕುವ ಬೆಲೆಗೆ ಸಿಗುತ್ತಿರುವುದು ಆ ಕಾರಣಕ್ಕೇ.

3. ಸಪ್ತವಿಧ ಫಲವರ್ಗೀಕರಣ

ಹಣ್ಣುಗಳನ್ನು ಪ್ರಬಂಧಕಾರನು ಏಳು ವರ್ಗಗಳಾಗಿ ವಿಂಗಡಿಸಿದ್ದಾನೆ.

ಅ) ವಿಮಾನಫಲ. ಮೈಮೇಲೆ ಚೀಟಿ ಅಂಟಿಸಿಕೊಂಡು ಬರುವ ಹಣ್ಣು. ಚೀಟಿಯೇ ಇದರ ಪ್ರಧಾನ ಪೋಷಕಾಂಶ. ಉದಾಹರಣೆಗೆ ಕಿವಿ. ಚೀನಾ ಮೂಲದ ಈ ಹಣ್ಣನ್ನು ನ್ಯೂಜಿಲೆಂಡಿನವರು ‘ಚೈನೀಸ್ ಗೂಸ್‌ಬೆರ್ರಿ’ ಎಂದು ಕರೆಯುತ್ತಿದ್ದರು. 1959ರಲ್ಲಿ, ರಫ್ತು ಮಾಡಲು ಅನುಕೂಲವಾಗಲೆಂದು, ತಮ್ಮ ಹಕ್ಕಿಯ ಹೆಸರನ್ನು ಅದಕ್ಕೆ ಇಟ್ಟರು. ಪ್ರಮೇಯದ ಪ್ರಕಾರ ಅದರ ಪೌಷ್ಟಿಕತೆ ಅಂದಿನಿಂದಲೇ ವೃದ್ಧಿಸಿತು.

ಈ ವರ್ಗದ ಚಕ್ರವರ್ತಿ ಬ್ಲೂಬೆರ್ರಿ. ಇದರ ಉತ್ಕರ್ಷಣ ನಿರೋಧಕ ಶಕ್ತಿಯನ್ನು ‘ಒರಾಕ್’ ಎಂಬ ಅಂಕದಿಂದ ಸಾರುವುದು ಸಂಪ್ರದಾಯ. ಒರಾಕ್ ಎಂಬುದು ಪ್ರಯೋಗಶಾಲೆಯ ನಳಿಕೆಯೊಳಗಿನ ಅಳತೆ, ಮನುಷ್ಯನ ಹೊಟ್ಟೆಯೊಳಗಿನದಲ್ಲ. ಈ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ಸಿದ್ಧವಾಗಿಲ್ಲ, ವ್ಯಾಪಾರಿಗಳು ಇದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತಾನೇ ಪ್ರಕಟಿಸಿದ್ದ ಒರಾಕ್ ಪಟ್ಟಿಯನ್ನು ಹಿಂತೆಗೆದುಕೊಂಡಿತು. ನಮ್ಮ ಉಪನ್ಯಾಸಕರು ಮಾತ್ರ ಇನ್ನೂ ಹಿಂತೆಗೆದುಕೊಂಡಿಲ್ಲ.

ಆ) ತಳ್ಳುಗಾಡಿಫಲ. ಸೀಬೆ, ಉತ್ತರ ಕರ್ನಾಟಕದವರ ಪೇರಲ. ನಾಲ್ಕು ಸೀಳು ಮಾಡಿ ಉಪ್ಪುಖಾರ ಸವರಿ ಕಾಗದದಲ್ಲಿ ಕೊಡುವುದರಿಂದ ಇದಕ್ಕೆ ಯಾವುದೇ ಪೌಷ್ಟಿಕ ಚಹರೆ ಲಭಿಸಿಲ್ಲ. ಮಿಲಿಗ್ರಾಂ ಬಳಸಿದ್ದಕ್ಕೆ ಕ್ಷಮೆಯಿರಲಿ: 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಸುಮಾರು 50. ಬ್ಲೂಬೆರ್ರಿಯಲ್ಲಿ ಸುಮಾರು 10. ರೋಗಿಯನ್ನು ನೋಡಲು ಹೋಗುವಾಗ ಒಯ್ಯುವ ಸೇಬಿನಲ್ಲಿ ಸುಮಾರು 5. ಈ ದತ್ತಾಂಶ ಪ್ರಮೇಯಕ್ಕೆ ವಿರುದ್ಧವಾಗಿರುವುದರಿಂದ ದತ್ತಾಂಶವನ್ನು ಕೈಬಿಡಲಾಗಿದೆ.

ಇ) ಡಬ್ಬಿಫಲ. ಡಬ್ಬಿಯ ಮೇಲೆ ಹಣ್ಣು, ಒಳಗೆ ನೀರು ಮತ್ತು ಸಕ್ಕರೆ. ನಮ್ಮ ಆಹಾರ ನಿಯಮದಂತೆ ‘ಹಣ್ಣಿನ ಪಾನೀಯ’ ಎನಿಸಿಕೊಳ್ಳಲು ನೂರಕ್ಕೆ 10 ಭಾಗ ರಸವಿದ್ದರೆ ಸಾಕು, ನಿಂಬೆಯದಾದರೆ 5. ಚಿತ್ರದಲ್ಲಿ ಮಾತ್ರ ಇಡೀ ಮಾವಿನಹಣ್ಣು ಇರುತ್ತದೆ.

ಈ) ಬೇಲಿಫಲ. ಕವಳಿ, ಕಾರೆ, ಬಾರೆ, ಬಿಕ್ಕೆ, ಮತ್ತು ದಾರಿ ಬದಿಯ ನೇರಳೆ. ಇವಕ್ಕೆ ಬೆಲೆಯಿರಲಿಲ್ಲ, ಯಾರೂ ಬೆಳೆಸಲಿಲ್ಲ, ಯಾರೂ ಮಾರಲಿಲ್ಲ. ಆದುದರಿಂದ ಇವುಗಳ ಪೌಷ್ಟಿಕತೆ, ಸೂತ್ರದ ಪ್ರಕಾರ, ಸೊನ್ನೆ. ಶಾಲೆಗೆ ನಡೆದು ಹೋಗುವ ಮಕ್ಕಳು ಈ ಸೊನ್ನೆಯನ್ನು ಜೇಬು ತುಂಬಿಕೊಂಡು ತಿಂದು, ನಾಲಿಗೆ ನೇರಳೆ ಮಾಡಿಕೊಂಡು ತರಗತಿಗೆ ಬರುತ್ತಿದ್ದರು.

4. ವರ್ಗೀಕರಣದ ಮಿತಿಗಳು

ಉ, ಊ, ಋ ವರ್ಗಗಳನ್ನು ಕೈಬಿಟ್ಟಿದ್ದೇನೆ. ಬರೆಯುವ ಉತ್ಸಾಹ ಹೋಯಿತು. ಹೋದದ್ದು ಎಲ್ಲಿ ಎಂದು ಹೇಳಿಬಿಡುತ್ತೇನೆ.

ಒಂದು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ‘ಹಣ್ಣುಗಳು ಮತ್ತು ಸ್ವಾಸ್ಥ್ಯ’ ಎಂಬ ಉಪನ್ಯಾಸ. ಭಾಷಣಕಾರರು ಬ್ಲೂಬೆರ್ರಿ, ಗೋಜಿ ಬೆರ್ರಿ, ಅಸಾಯಿ ಎಂದು ಪರದೆಯ ಮೇಲೆ ತೋರಿಸುತ್ತ ಹೋದರು. ಕುರ್ಚಿ ತುಂಬಿಸಲು ಕರೆತಂದಿದ್ದ ಅಂಗನವಾಡಿ ಕಾರ್ಯಕರ್ತೆಯರಲ್ಲಿ ಒಬ್ಬರು ಎದ್ದು ಕೇಳಿದರು: “ಸರ್, ಇವೆಲ್ಲಾ ನಮ್ಮ ಕಡೆ ಸಿಗಂಗಿಲ್ರಿ. ನಮ್ಮ ಹುಡುಗ್ರಿಗೆ ಏನ್ ಕೊಡೂಣು ಹೇಳ್ರಿ.” ಉತ್ತರ ಬಂತು: “ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು ಮೇಡಂ.” ಮುಂದಿನ ಸಾಲಿನವರು ನಕ್ಕರು. ಆಕೆ ಕೂತರು. ಊಟವಾದ ಬೆನ್ನಿಗೇ ಎಲ್ಲರಿಗೂ ಚಹಾ ಕೊಟ್ಟರು. ಊಟದ ಬೆನ್ನಿಗೆ ಕುಡಿದ ಚಹಾ ಅನ್ನದಲ್ಲಿನ ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತದೆ ಎಂಬ ಒಂದು ಮಾತನ್ನಾದರೂ ಭಾಷಣಕಾರರು ಹೇಳಬಹುದಿತ್ತು. ಹೇಳಲಿಲ್ಲ.

ಆಕೆ ಕೇಳಿದ್ದು ಹುಡುಗಾಟದ ಪ್ರಶ್ನೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ. ಈ ಮಕ್ಕಳ ತಟ್ಟೆಯಲ್ಲಿ ಇರುವುದು ರಾಗಿ, ಜೋಳ, ಅಕ್ಕಿ, ಬೇಳೆ, ಒಂದಿಷ್ಟು ಸೊಪ್ಪು. ಅವುಗಳಲ್ಲಿ ಕಬ್ಬಿಣವಿದ್ದರೂ ಕಾಳುಕಡ್ಡಿಯ ಕಬ್ಬಿಣ ಸುಲಭಕ್ಕೆ ರಕ್ತ ಸೇರುವುದಿಲ್ಲ. ಅದೇ ಊಟದ ಜತೆ ಸಿ ಜೀವಸತ್ವ ಹೋದರೆ ಹೀರಿಕೆ ಹೆಚ್ಚುತ್ತದೆ. ಬೇಯಿಸಿದರೆ ಆ ಜೀವಸತ್ವ ಬಹಳಷ್ಟು ಹಾಳಾಗುವುದರಿಂದ ಹಸಿಯಾಗಿ ತಿನ್ನುವುದೇ ಮೇಲು. ಎಂದರೆ ಮುದ್ದೆ-ಸಾರಿನ ಪಕ್ಕ ಅರ್ಧ ಸೀಬೆ, ಇಲ್ಲವೇ ಒಂದು ನೆಲ್ಲಿಕಾಯಿ, ಅದೂ ಇಲ್ಲವಾದರೆ ತಟ್ಟೆಗೆ ಹಿಂಡಿದ ನಿಂಬೆಹುಳಿ. ಉತ್ತರ ಇಷ್ಟೇ ಇತ್ತು. ಅದಕ್ಕೆ ಪರದೆಯೂ ಬೇಕಿರಲಿಲ್ಲ.

ಇಂಥ ಮಕ್ಕಳಿಗೆ ಶಾಲೆಯ ಊಟದಲ್ಲಿ ಮೊಟ್ಟೆ ಕೊಡಲು ಹೊರಟಾಗ, ಕೊಡಬೇಡಿ ಎಂದು ಗದ್ದಲವೆಬ್ಬಿಸಿದವರು ಬಾಳೆಹಣ್ಣು ಕೊಟ್ಟರೆ ಸಾಕೆಂದರು. ಬಾಳೆಹಣ್ಣು ಒಳ್ಳೆಯದೇ, ಹೊಟ್ಟೆಗೆ ಆಧಾರ, ಸಿಪ್ಪೆ ಇರುವುದರಿಂದ ತೊಳೆಯುವ ಗೋಜಿಲ್ಲ. ಆದರೆ ಮೊಟ್ಟೆಯ ಪ್ರೊಟೀನು ಅದರಲ್ಲಿಲ್ಲ, ಸೀಬೆಯಷ್ಟು ಸಿ ಜೀವಸತ್ವವೂ ಇಲ್ಲ. ಬಡವರ ಮಕ್ಕಳ ತಟ್ಟೆಯಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡಿಸುವ ಹುಮ್ಮಸ್ಸು ಎರಡನ್ನೂ ಕೊಡಿಸುವುದರಲ್ಲಿ ಏಕಿಲ್ಲ?

ಬೇಲಿಗಳಾದರೂ ಉಳಿದಿದ್ದರೆ! ಮುಳ್ಳುತಂತಿ ಬಂದು ಕವಳಿ ಕಂಟಿ ಹೋಯಿತು. ಗೋಮಾಳ ಹಂಚಿಹೋಗಿ ಬಾರೆ ಪೊದೆ ಹೋಯಿತು. ರಸ್ತೆ ಅಗಲವಾಗಿ ನೇರಳೆ ಮರ ಹೋಯಿತು. ಈಗ ಅದೇ ನೇರಳೆ ಮಳೆಗಾಲದ ಹೊತ್ತಿಗೆ ನಗರದಲ್ಲಿ ಕಿಲೋಗೆ ನೂರಾರು ರೂಪಾಯಿಗೆ, ಸಕ್ಕರೆ ಕಾಯಿಲೆಯವರ ಔಷಧಿಯಾಗಿ ಮಾರಾಟವಾಗುತ್ತದೆ. ಬೆಲೆ ಬಂದ ಕೂಡಲೇ ಪೌಷ್ಟಿಕತೆಯೂ ಬಂತು. ನನ್ನ ಅಣಕು ಪ್ರಮೇಯ ನಿಜವೇ ಆಗಿಬಿಟ್ಟಿದೆ, ನಗು ಬರುತ್ತಿಲ್ಲ.

5. ಶಿಫಾರಸುಗಳು

ಪ್ರತಿ ಅಂಗನವಾಡಿಯ ಹಿತ್ತಿಲಲ್ಲಿ ಎರಡು ಸೀಬೆ, ಒಂದು ನೆಲ್ಲಿ, ಒಂದು ನಿಂಬೆ ಗಿಡ. ಜಾಗವಿಲ್ಲದ ಕಡೆ ಪಂಚಾಯಿತಿ ಕಚೇರಿಯ ಮುಂದೆ, ಕೆರೆ ಏರಿಯ ಕೆಳಗೆ. ಕಸಿ ಮಾಡಿದ ಸೀಬೆ ಎರಡು-ಮೂರು ವರ್ಷಕ್ಕೆ ಕಾಯಿ ಬಿಡುತ್ತದೆ. ಇಂದು ಸೇರಿದ ಮಗು ಶಾಲೆಗೆ ಹೋಗುವ ಮೊದಲು ಅದರ ಹಣ್ಣು ತಿನ್ನಬಹುದು. ವನಮಹೋತ್ಸವದ ಫೋಟೊಕ್ಕೆ ನೆಟ್ಟು ಮರೆಯುವುದಲ್ಲ. ಆಡು-ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಬೇಕು, ಬೇಸಿಗೆಯಲ್ಲಿ ನೀರು ಹೊಯ್ಯುವವರಿಗೆ ಕೂಲಿ ಕೊಡಬೇಕು.

ಹಣ್ಣೊಂದರಿಂದಲೇ ರಕ್ತಹೀನತೆ ಹೋಗುವುದಿಲ್ಲ. ಕಬ್ಬಿಣದ ಮಾತ್ರೆ, ಜಂತುಹುಳದ ಔಷಧಿ, ಮೊಟ್ಟೆ, ಬೇಳೆ, ತಾಯಿಯ ಕೈಗೆ ಸರಿಯಾದ ಕೂಲಿ ಎಲ್ಲವೂ ಬೇಕು. ಆದರೆ ಇವುಗಳ ಜತೆಗೆ ಆ ನಾಲ್ಕು ಗಿಡ ನೆಡುವುದಕ್ಕೆ ಹೆಚ್ಚು ಖರ್ಚಿಲ್ಲ. ಅಷ್ಟನ್ನೂ ನೆಡಲಾರದ ವ್ಯವಸ್ಥೆ ಹಣ್ಣಿನ ಮೇಲೆ ಉಪನ್ಯಾಸ ಏರ್ಪಡಿಸುವುದನ್ನು ಮೊದಲು ನಿಲ್ಲಿಸಲಿ. ಶಾಲು, ಪೇಟ, ಪರದೆ ಮತ್ತು ಚಹಾದ ಖರ್ಚಿನಲ್ಲಿ ಗಿಡ ತರಲಿ.